ಗೆರೆ ಮುಟ್ಟಿದ ನೀರು

“ಐದ್ ಅವ್ರಿ ಸರ್,” ಎಂದು ಹುಡುಗಿ ಹೇಳಿದಾಗ ರತ್ನಮಾಲಾಳಿಗೆ ಮೊದಲು ಬಂದದ್ದು ನಗು. ತುಟಿಯ ಅಂಚು ತಾನಾಗಿ ಮೇಲೇಳುತ್ತಿರುವುದು ತಿಳಿಯಿತು, ತಡೆಯಬೇಕೆಂದು ಅನ್ನಿಸಲಿಲ್ಲ. ಪಕ್ಕದಲ್ಲಿದ್ದ ಅಜೀತ ಆಗಲೇ ನಕ್ಕಿದ್ದ. ಅವನಾಚೆ ಶಿವರಾಜ ಸರ್ ಕನ್ನಡಕವನ್ನು ಹಣೆಗೇರಿಸಿ, ಪಂಕ್ತಿಯಲ್ಲಿ ಕೂತು ಇನ್ನೊಂದು ಹೋಳಿಗೆಗೆ ಕೈಚಾಚಿದ ಮಗುವನ್ನು ನೋಡುವ ಹಾಗೆ ಹುಡುಗಿಯನ್ನು ನೋಡುತ್ತಿದ್ದರು. ಈ ಮೇಜಿನ ಹಿಂದೆ, ಈ ಸಾಲಿನಲ್ಲಿ ಕೂತವರ ಜೊತೆ ಒಂದೇ ಗಳಿಗೆಗೆ ಒಂದೇ ಕಾರಣಕ್ಕೆ ನಗುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಬಿಸಿ ರೊಟ್ಟಿಯ ಮೇಲೆ ತುಪ್ಪ ಹರಡಿದ ಹಾಗೆ ಅದು ಎದೆಯೊಳಗೆ ಹರಡುತ್ತಿತ್ತು. ಬಾಟಲಿಯ ದ್ರಾವಣದಲ್ಲಿ ಪ್ರತಿ ವರ್ಷ ಇರುವವು ನಾಲ್ಕೇ ಅಂಶ. ಈ ವರ್ಷದ ನಾಲ್ಕು ಯಾವುವೆಂಬುದು ಕೋಣೆಯಲ್ಲಿ ಅವಳಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಈ ಸಲ ಬಾಟಲಿ ಮಾಡಿದವಳು ಅವಳು.

“ಐದನೇದು ಯಾವ್ದು ತಂಗೀ?” ಎಂದರು ಶಿವರಾಜ ಸರ್.

“ಅಮೋನಿಯಂ ರಿ.”

ತುಟಿಯ ಮೇಲೆ ನಗು ಹಾಗೇ ಉಳಿದಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ರತ್ನಮಾಲಾ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಬಸವಕಲ್ಯಾಣದ ಈ ಕಾಲೇಜಿನಲ್ಲಿ ಗುರುಪಾದಪ್ಪ ಮಾಸ್ತರರ ಹೆಸರಿನ ರಸಾಯನ ಪದಕವನ್ನು ಅಂಕ ನೋಡಿ ಕೊಡುವುದಿಲ್ಲ. ಮಾಸ್ತರರು ಬದುಕಿದ್ದಾಗಲೇ ಹಾಕಿಹೋದ ಪದ್ಧತಿ ಬೇರೆ. ಹಿಂದೆ ಪದಕ ಪಡೆದವರು ವರ್ಷಕ್ಕೊಮ್ಮೆ ಕೂಡಬೇಕು. ಅವರಲ್ಲಿ ಒಬ್ಬರು ಪಾಳಿಯ ಪ್ರಕಾರ ಬೆಳಿಗ್ಗೆ ಬಂದು, ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು, ನೋಡಲು ನೀರಿನಂತೆಯೇ ಇರುವ ಒಂದು ದ್ರಾವಣ ಮಾಡಬೇಕು. ಅದರಲ್ಲಿ ಕರಗಿರುವ ನಾಲ್ಕು ಅಂಶ ಯಾವುವೆಂದು ಕೊನೆಯ ವರ್ಷದ ಹುಡುಗ ಹುಡುಗಿಯರು ಕಂಡುಹಿಡಿಯಬೇಕು. ಏನು ಹಾಕಿದೆನೆಂಬುದನ್ನು ಮಾಡಿದವರು ಎಲ್ಲಿಯೂ ಬರೆಯಕೂಡದು. ಬರೆದದ್ದು ಸೋರುತ್ತದೆ, ಹೊಟ್ಟೆಯೊಳಗಿನದು ಸೋರುವುದಿಲ್ಲ ಎನ್ನುತ್ತಿದ್ದರಂತೆ ಮಾಸ್ತರರು. ಸಂಜೆ ಎಲ್ಲರೆದುರು ಎದ್ದು ನಿಂತು ಬಾಯಿಬಿಟ್ಟು ಹೇಳಬೇಕು. ಮಾಡಿದವರ ಮಾತೇ ಕೊನೆ. ಇದ್ದದ್ದನ್ನು ಕಾಣದವನು ದಡ್ಡ, ಅವನನ್ನು ಕ್ಷಮಿಸಬಹುದು. ಇಲ್ಲದ್ದನ್ನು ಕಂಡೆನೆಂದವನು ಸುಳ್ಳ, ಅವನಿಗೆ ಪದಕವಿಲ್ಲ. ಪದಕ ಬಂದವರ ಎಂ.ಎಸ್ಸಿ. ಓದಿನ ಭಾರ ಮಾಸ್ತರರ ಟ್ರಸ್ಟಿನದು, ಬಾರದವರದು ಅವರವರ ಹಣೆಬರಹದ್ದು. ರತ್ನಮಾಲಾ ಕಲಬುರಗಿಗೆ ಹೋಗಿ ಓದಿದ್ದು, ಈಗ ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುವುದು, ಎಲ್ಲ ಆ ಪದಕದಿಂದಲೇ. ಈ ಸಲ ಬಂದವರಲ್ಲಿ ಬಹಳ ಮಂದಿ ಸತುವನ್ನು ಅಲ್ಯೂಮಿನಿಯಂ ಎಂದು ತಿಳಿದು ಮಧ್ಯಾಹ್ನಕ್ಕೇ ಜಾರಿಹೋಗಿದ್ದರು. ಉಳಿದವರು ಇಬ್ಬರು. ಹುಮನಾಬಾದಿನ ಕುನಾಲ ನಾಲ್ಕನ್ನೇ ಹೇಳಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಿದ್ದ. ನಿರ್ಣಾ ಊರಿನ ಈ ಕಾಜಲ ಅದೇ ನಾಲ್ಕನ್ನು ಹೇಳಿ, ಅಲ್ಲಿಗೆ ಸುಮ್ಮನಾಗದೆ, ಕೈಬೆರಳಿನ ತುದಿಯಲ್ಲಿ ಸುಟ್ಟ ಗುಳ್ಳೆಯನ್ನು ಒತ್ತಿಕೊಳ್ಳುತ್ತ ಐದನೆಯದರ ಹೆಸರು ಹೇಳಿದ್ದಳು.

“ನೋಡವ್ವಾ,” ಎಂದರು ಶಿವರಾಜ ಸರ್. ಅವರು ಈ ಕಾಲೇಜಿನಲ್ಲೇ ಪಾಠ ಹೇಳಿ ನಿವೃತ್ತರಾದವರು. ಪದಕ ಪಡೆದವರಲ್ಲಿ ಹಿರಿಯರು. “ಮೂರನೇ ಗುಂಪು ತೆಗಿಬೇಕಾದ್ರ ಅಮೋನಿಯಂ ಕ್ಲೋರೈಡ್ ಯಾರು ಹಾಕಿದ್ರು? ನೀನೇ. ಆಮ್ಯಾಲ ಅದೇ ಕೊಳವಿ ಕಾಸಿ ಅಮೋನಿಯಾ ಸಿಕ್ತು ಅಂದ್ರ? ಬೆಲ್ಲ ತಾನೇ ಬಚ್ಚಿಟ್ಟು, ತಾನೇ ಹುಡುಕಿ, ಕಳ್ಳ ಸಿಕ್ಕ ಅಂತ ಚೀರಿದಂಗಾತು.”

ಪದಕ ಪಡೆದವರಲ್ಲೇ ಒಬ್ಬನಾದ ಅಜೀತ ಜೋರಾಗಿ ನಕ್ಕ. ಹುಡುಗಿ ನಗಲಿಲ್ಲ, ಅಳಲೂ ಇಲ್ಲ. “ಇಲ್ರಿ ಸರ್. ಅದನ್ನ ಎಲ್ಲಾದಕ್ಕಿಂತ ಮೊದಲ ನೋಡೀನ್ರಿ. ಬೂಚು ತೆಗದ ಕೂಡ್ಲೇ. ಇನ್ನಾ ಏನೂ ಹಾಕಿದ್ದಿಲ್ಲ. ಕಾಸ್ಟಿಕ್ ಸೋಡಾ ಹಾಕಿ ಕಾಸಿದೆ, ನೆಸ್ಲರ್ ಕಾಗದ ಹಿಡದೆ, ಕಂದಾತ್ರಿ.”

ಅಮೋನಿಯಾ ತಾಗಿದರೆ ಆ ಕಾಗದ ಕಂದಾಗುತ್ತದೆ. “ಎಷ್ಟು ಕಂದು?” ಎಂದರು ಶಿವರಾಜ ಸರ್.

“ಹಾಲು ಜಾಸ್ತಿ ಆದ ಚಾದಂಗ್ರಿ. ಎರಡ್ ಸಲ ಮಾಡಿದೆ.”

“ಬಣ್ಣಾ ಆಸೀಲೆ ನೋಡಬಾರ್ದು ತಂಗಿ,” ಎಂದ ಅಜೀತ. “ಆಸಿದ್ರ ನಂಗೂ ಈ ಮೇಜು ಬಂಗಾರದಂಗ ಕಾಣಸ್ತದ.”

ಶಿವರಾಜ ಸರ್ ರತ್ನಮಾಲಾಳ ಕಡೆ ತಿರುಗಿ ಹುಬ್ಬು ಹಾರಿಸಿದರು. ಈಗಲೇ ಹೇಳುವಂತಿಲ್ಲವಲ್ಲ, ಚಹಾ ಆಗಲಿ, ಆಮೇಲೆ ನೀನು ಎದ್ದು ಹೇಳು, ಮುಗಿಸೋಣ ಎನ್ನುವ ಹುಬ್ಬು ಅದು. ಅವಳು ತಲೆಯಾಡಿಸಿದಳು. ಯಾವುದಕ್ಕೆ ತಲೆಯಾಡಿಸಿದೆನೆಂದು ಅವಳಿಗೇ ತಿಳಿಯಲಿಲ್ಲ.

ಹುಡುಗಿ ತಪ್ಪಿರಬಹುದು. ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಹಳೆಯದಿತ್ತು, ಅದರಲ್ಲೇ ಏನಾದರೂ ಬೆರೆತಿರಬಹುದು. ಪಕ್ಕದ ಮೇಜಿನಲ್ಲಿ ಯಾರೋ ಅಮೋನಿಯಾ ಶೀಸೆ ತೆರೆದಿಟ್ಟಿರಬಹುದು. ಬಹುದು, ಬಹುದು ಎಂದು ಅವಳು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಡುತ್ತಿದ್ದಳು. ಅವೆಲ್ಲದರ ಹಿಂದೆ ತನ್ನ ಕುಡಿಯುವ ನೀರಿನ ಹಸಿರು ಬಾಟಲಿ ನಿಂತಿರುವುದು ಮೊದಲಿನಿಂದಲೇ ಕಾಣುತ್ತಿತ್ತು. ಬೆಳಿಗ್ಗೆ ಬಾಗಿಲು ಹಾಕಿಕೊಳ್ಳುವ ಮೊದಲು ಹಜಿರಾ ಬೀ ಹೇಳಿದ್ದಳು. ಪ್ರಯೋಗಶಾಲೆಯ ಕಸ ಗುಡಿಸಿ, ಗಾಜು ತೊಳೆದು, ಗ್ಯಾಸು ನೋಡಿಕೊಳ್ಳುವವಳು ಹಜಿರಾ ಬೀ. “ನೀರ ಭಟ್ಟಿ ಕಾಯಿಲ್ ಸುಟ್ಟೇದ್ರಿ ಬಾಯಿ. ಕ್ಯಾನಿನಾಗ ಇದ್ದಷ್ಟೇ ಡಿಸ್ಟಿಲ್ ನೀರು. ಬ್ಯಾಟರಿ ಅಂಗಡಿದಾಂವ ದುಕಾನ್ ತೆಗದ್ರ ತಂದ್ ಕೊಡ್ತೀನಿ, ಆತನ ಮೋತಿ ನೋಡಿದ್ರ ಇವತ್ತ ತೆಗ್ಯಾಂಗ ಕಾಣಲ್ಲ.” ಸಾಕು ಬಿಡ್ರಿ ಎಂದಿದ್ದಳು ರತ್ನಮಾಲಾ. ಉಪ್ಪುಗಳನ್ನು ತೂಗಿದಳು, ದೊಡ್ಡ ಫ್ಲಾಸ್ಕಿನಲ್ಲಿ ಕರಗಿಸಿದಳು, ಕ್ಯಾನನ್ನು ಬೋರಲು ಹಾಕಿ ಕೊನೆಯ ಹನಿಯನ್ನೂ ಅಲ್ಲಾಡಿಸಿ ಹಾಕಿದಳು. ಫ್ಲಾಸ್ಕಿನ ಕತ್ತಿನ ಗೆರೆ ಇನ್ನೂ ಬಹಳ ಮೇಲಿತ್ತು. ಹೊರಗೆ ಅಜೀತನ ಧ್ವನಿ ಕೇಳುತ್ತಿತ್ತು: “ಮೇಡಂದು ಆತೋ ಇಲ್ಲೋ? ಮೊದಲನೇ ಸಲ ನೋಡು, ಟೈಮ್ ಹಿಡಿತದ.” ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಬಾಗಿಲು ತೆರೆದು ‘ನೀರು ಸಾಲಲಿಲ್ಲ’ ಎಂದು ಹೇಳಿದರೆ ಅದು ಹಜಿರಾ ಬೀಯ ತಪ್ಪಾಗುವುದಿಲ್ಲ, ಭಟ್ಟಿಯ ತಪ್ಪೂ ಆಗುವುದಿಲ್ಲ, ತನ್ನದೇ ಆಗುತ್ತದೆ ಎಂದು ಅವಳಿಗೆ ಖಚಿತವಿತ್ತು. ನಳಕ್ಕೆ ಇನ್ನೂ ನೀರು ಬಂದಿರಲಿಲ್ಲ. ಆಗ ಕೈಚೀಲದೊಳಗಿನ ಹಸಿರು ಬಾಟಲಿ ಕಣ್ಣಿಗೆ ಬಿತ್ತು. ಮನೆಯಿಂದ ತುಂಬಿಕೊಂಡು ಬಂದದ್ದು. ಬೋರಿನ ನೀರಿನಲ್ಲಿ ಇನ್ನೇನಿರುತ್ತದೆ? ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಲೋರೈಡ್. ಅವು ಹೇಗೂ ತಾನು ಹಾಕಿದ್ದರಲ್ಲಿವೆ. ಸುಣ್ಣದ ಗೋಡೆಗೆ ಇನ್ನೊಂದು ಬೆರಳು ಸುಣ್ಣ ಹಚ್ಚಿದರೆ ಯಾರಿಗೆ ಕಾಣುತ್ತದೆ? ಎಷ್ಟು ಜಾಣತನ ಅನ್ನಿಸಿತ್ತು ಆಗ. ಬಾಟಲಿಯ ಮುಕ್ಕಾಲು ಸುರಿದು, ಬಾಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಕೊನೆಯ ಹನಿ ಗೆರೆ ಮುಟ್ಟುವುದನ್ನು ಉಸಿರು ಹಿಡಿದು ನೋಡಿದ್ದಳು.

ಪಾಳಿ ತನಗೆ ಬರಲು ಎಷ್ಟು ವರ್ಷ ಹಿಡಿಯಿತು. ಅವಳ ನಂತರ ಪದಕ ಪಡೆದವರಿಗೂ ಬಂದುಹೋಗಿತ್ತು. ಪ್ರತಿ ವರ್ಷ ಶಿವರಾಜ ಸರ್ ಬಹಳ ಪ್ರೀತಿಯಿಂದ, “ರತ್ನಮಾಲಾ, ನೀ ಜರಾ ಗಾಜಿನ ಸಾಮಾನು ನೋಡ್ಕೋ, ನಿನ್ನ ಕೈ ಭಾಳ ಸ್ವಚ್ಛ,” ಎನ್ನುತ್ತಿದ್ದರು. ಸ್ವಚ್ಛ ಎಂಬ ಶಬ್ದವನ್ನು ಅವರು ಮೆಚ್ಚಿಯೇ ಹೇಳುತ್ತಿದ್ದರು. ಅವಳು ಅದನ್ನು ಮನೆಗೆ ಒಯ್ದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಜೀತನೂ ಒಳ್ಳೆಯವನೇ, ಅವಳನ್ನು ಮೇಡಂ ಎಂದೇ ಕರೆಯುತ್ತಾನೆ, ಬಸ್ಸು ತಪ್ಪಿದರೆ ಕಾರಿನಲ್ಲಿ ಬಂಗ್ಲಾ ಕ್ರಾಸಿನವರೆಗೆ ಬಿಡುತ್ತಾನೆ. ಆದರೆ ಅವಳು ಚೀಲದಿಂದ ಬಾಟಲಿ ತೆಗೆದು “ನೀರ್ ಬೇಕೇನ್ರಿ?” ಎಂದಾಗಲೆಲ್ಲ ಅವನಿಗೆ ಗಂಟಲು ನೋವು, ಬಿಸಿ ನೀರೇ ಬೇಕು, ಇಲ್ಲವೇ ಈಗಷ್ಟೇ ಕುಡಿದಿರುತ್ತಾನೆ. ಕಾರಿಡಾರಿನಲ್ಲಿ ಪದಕ ಪಡೆದವರ ಫೋಟೋಗಳ ಸಾಲಿದೆ. ಅವಳದು ಬಾಗಿಲಿನ ಪಕ್ಕದಲ್ಲಿ. ಬಾಗಿಲು ತೆರೆದಾಗ ಅದರ ಹಿಂದೆ ಮರೆಯಾಗುತ್ತದೆ, ಮುಚ್ಚಿದಾಗ ಕಾಣುತ್ತದೆ. ಬೇಕೆಂದು ಹಾಕಿದ್ದಲ್ಲ. ಜಾಗ ಇದ್ದದ್ದೇ ಅಲ್ಲಿ.

ಬೇಕೆಂದು ಯಾರೂ ಏನೂ ಮಾಡುವುದಿಲ್ಲ. ಅವಳೂ ಬೇಕೆಂದು ಮಾಡಲಿಲ್ಲ. ಪಾಯಖಾನೆ ಮನೆಯ ಹಿತ್ತಿಲಲ್ಲೇ ಆಗಬೇಕು, ಮಗಳು ದೊಡ್ಡವಳಾಗುತ್ತಿದ್ದಾಳೆ ಎಂದು ಹಟ ಹಿಡಿದವಳು ಅವಳೇ. ಗುಂಡಿ ತೋಡಿದ ದಿನ ಕಾರ್ಖಾನೆಯಿಂದ ಬಂದು ನೋಡಿದಳು. ಬೋರಿಗೆ ಬಹಳ ಸಮೀಪವಾಯಿತು ಅನ್ನಿಸಿತು. ಅಷ್ಟರಲ್ಲಿ ಇಟ್ಟಿಗೆ ಇಟ್ಟಾಗಿತ್ತು, ಕೆಲಸದವರು ಕೈ ತೊಳೆಯುತ್ತಿದ್ದರು, ಅನ್ನಿಸಿದ್ದನ್ನು ನುಂಗಿಕೊಂಡಳು. ಗುಂಡಿಯ ಹೊಲಸು ನೀರಿಗಿಳಿದರೆ ಅದು ಅಮೋನಿಯಂ ಆಗಿ ಕಾಣಿಸಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಕಾರ್ಖಾನೆಯ ಬಾಯ್ಲರಿಗೆ ಹೋಗುವ ನೀರನ್ನು ಅವಳು ದಿನಾ ಪರೀಕ್ಷೆ ಮಾಡುತ್ತಾಳೆ. ಕಬ್ಬಿಣ ಕುಡಿಯುವ ನೀರು ಅದು. ಮಗಳು ಧನಶ್ರೀ ಕುಡಿಯುವ ನೀರನ್ನು ಒಮ್ಮೆಯೂ ಒಂದು ಸಣ್ಣ ಶೀಸೆಯಲ್ಲಿ ತುಂಬಿಕೊಂಡು ಹೋಗಿಲ್ಲ. ಮಗುವಿಗೆ ಮಳೆಗಾಲದಿಂದ ಹೊಟ್ಟೆ ನೆಟ್ಟಗಿಲ್ಲ, ಶಾಲೆಯ ಮುಂದಿನ ಕುಲ್ಫಿ ಎಂದು ಬೈದು ಬೈದು ಕುಲ್ಫಿ ಬಿಡಿಸಿದಳು. ಯಾಕೆ ಒಯ್ಯಲಿಲ್ಲ? ಈ ಪ್ರಶ್ನೆಗೆ ಉತ್ತರ ಅತ್ತೆ ಸುಮನಬಾಯಿಯ ಮುಖದಲ್ಲಿತ್ತು. ಸುಮನಬಾಯಿ ಘಾಟಬೋರಾಳದಲ್ಲಿ ಸೊಸೆಯಾಗಿದ್ದ ಕಾಲಕ್ಕೆ ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟು ನಿಲ್ಲಬೇಕಿತ್ತು. ಯಾರಾದರೂ ಪುಣ್ಯಾತ್ಮರು ಬಂದು ಮೇಲಿನಿಂದ ಸುರಿದರೆ ನೀರು, ಇಲ್ಲದಿದ್ದರೆ ಬಿಸಿಲು. ಹುಮನಾಬಾದಿನ ಈ ಜಾಗದಲ್ಲಿ ಬೋರು ಹಾಕಿಸಿದ ದಿನ, ಮಣ್ಣು ಬೆರೆತ ನೀರು ಮೇಲೆ ಚಿಮ್ಮಿದಾಗ, ಎಲ್ಲರೂ ಹಿಂದೆ ಸರಿದರೆ ಆಕೆ ಮುಂದೆ ಹೋಗಿ ನಿಂತು ಸೀರೆ ಸಮೇತ ತೊಯ್ದಿದ್ದಳು. ಅಂದಿನಿಂದ ಓಣಿಯಲ್ಲಿ ಹೋಗುವ ಭಾಜಿ ಮಾರುವವರನ್ನೂ ಕರೆಕರೆದು ನೀರು ಕೊಡುತ್ತಾಳೆ. “ಕುಡೀರಿ, ಇದು ಬೇಡಿ ತಂದದ್ದಲ್ಲ.” ಆ ನೀರನ್ನು ಶೀಸೆಯಲ್ಲಿ ಹಾಕಿಕೊಂಡು ಬಣ್ಣ ನೋಡಲು ಕೈ ಬಂದಿರಲಿಲ್ಲ.

ಚಹಾದ ಹೊತ್ತಿಗೆ ಅವಳು ಕಾರಿಡಾರಿಗೆ ಬಂದಳು. ಧನಶ್ರೀ ಶಾಲೆ ಬಿಟ್ಟು ಬರುವ ವೇಳೆ. ಬಂದವಳು ಚೀಲ ಎಸೆದು ಮೊದಲು ಮಾಡುವ ಕೆಲಸ ಒಂದು ತಂಬಿಗೆ ನೀರು ಗಟಗಟ ಕುಡಿಯುವುದು. ಫೋನು ಕೈಯಲ್ಲಿತ್ತು. ‘ಅತ್ತೀ, ಆಕಿಗಿ ನೀರ ಕೊಡಬ್ಯಾಡ್ರಿ’ ಎಂದು ಈಗ ಹೇಳಿದರೆ, ಒಳಗೆ ಹೋಗಿ ‘ಬಾಟಲಿಯಲ್ಲಿದ್ದದ್ದು ನಾಲ್ಕೇ’ ಎನ್ನಲು ಬಾಯಿ ಬರುವುದಿಲ್ಲ. ‘ನಾಲ್ಕೇ’ ಎನ್ನಬೇಕಾದರೆ ಈಗ ಫೋನು ಮಾಡಕೂಡದು. ಇಷ್ಟು ದಿನ ಕುಡಿದ ನೀರು, ಇನ್ನೊಂದು ತಂಬಿಗೆಯಿಂದ ಏನಾಗುತ್ತದೆ ಎಂದು ಅವಳೊಳಗೆ ಯಾರೋ ಬಹಳ ಸಮಾಧಾನದ ದನಿಯಲ್ಲಿ ಹೇಳಿದರು. ಆ ದನಿಗೆ ಅವಳು ಹೆದರಿದಳು. ಫೋನನ್ನು ಚೀಲದೊಳಗೆ ತಳ್ಳಿದಳು.

ಕಟ್ಟೆಯ ಮೇಲಿಂದ ಕುನಾಲ ಎದ್ದು ಬಂದ. ಬುದ್ಧವಿಹಾರವಿರುವ ಅವಳದೇ ಓಣಿಯ ಹುಡುಗ. ಪ್ರತಿ ಭಾನುವಾರ ಅವಳ ಪಡಸಾಲೆಯಲ್ಲಿ, ಬಾಬಾಸಾಹೇಬರ ಫೋಟೋದ ಕೆಳಗೆ ಚಾಪೆ ಹಾಸಿಕೊಂಡು ಅವಳಿಂದಲೇ ಪಾಠ ಹೇಳಿಸಿಕೊಂಡವನು. ಸೋರಿಕೆಯ ಮಾತು ಬರಬಾರದೆಂದು ಬೆಳಿಗ್ಗೆಯಿಂದ ಅವಳು ಅವನ ಮುಖವನ್ನೂ ನೋಡಿರಲಿಲ್ಲ.

“ಅಕ್ಕಾ, ಒಳಗ ಯಾಕ ನಗಾಕತ್ತಿದ್ರು?”

“ಏನಿಲ್ಲೋ. ಕೂಡು ಹೋಗು.”

“ಕಾಜಲ ಐದು ಹೇಳ್ಯಾಳಂತ. ಖರೇನಾ?” ಅವನ ಕಣ್ಣಿನಲ್ಲಿ ಆಸೆ ಎಷ್ಟು ಬೆತ್ತಲೆಯಾಗಿತ್ತೆಂದರೆ ಅವಳು ಬೇರೆ ಕಡೆ ನೋಡಬೇಕಾಯಿತು. “ಹಂಗಾದ್ರ ಆಕಿ ಔಟ್ ಅಲ್ಲಾ ಅಕ್ಕಾ?”

ಹೌದು. ಔಟ್. ಸುಮ್ಮನಿದ್ದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಓಣಿಗೆ ಎರಡನೆಯ ಪದಕ. ಇವನ ಫೋಟೋಕ್ಕಾದರೂ ಒಳ್ಳೆಯ ಜಾಗ ಸಿಗಬಹುದು. ಕಾಜಲಳ ಮುಂದೆ ಜಗತ್ತು ಬಿದ್ದಿದೆ, ಆಕೆಗೆ ಯಾರ ಬಾವಿಯೂ ದೂರವಿಲ್ಲ ಎಂದುಕೊಂಡಳು. ಆಮೇಲೆ ಆಕೆಯ ಬೆರಳಿನ ಗುಳ್ಳೆ ನೆನಪಾಯಿತು, ಕೂಲಿಯವರ ಮನೆಯ ಹುಡುಗಿ ಎಂದು ಯಾರೋ ಹೇಳಿದ್ದು ನೆನಪಾಯಿತು, ನೆನಪಾದದ್ದಕ್ಕೆ ಸಿಟ್ಟು ಬಂತು. ರತ್ನಮಾಲಾ ಸಣ್ಣವಳಿದ್ದಾಗ ಅವಳ ಅಜ್ಜಿ, ಆಯಿ, ಒಂದು ಕಥೆ ಹೇಳುತ್ತಿದ್ದಳು: ಒಂದೂರಿನ ಬಾವಿಗೆ ಬಾಯಿ ಬಂತಂತೆ. ಕತ್ತಲಾಗುವ ಮುಂಚೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ‘ನನ್ನೊಳಗ ಏನ್ ಹಾಕ್ದಿ?’ ಎಂದು ಕೇಳುತ್ತಿತ್ತಂತೆ. ಹೂವು ಹಾಕಿದೆ ಎನ್ನುವರು, ಹಾಲು ಹಾಕಿದೆ ಎನ್ನುವರು. ಬಾವಿ ಭೋಳೆ, ಎಲ್ಲವನ್ನೂ ನಂಬುವುದು. ನಂಬಿದಷ್ಟು ಸಲ ಒಂದೊಂದು ಮೊಳ ಕೆಳಗಿಳಿಯುವುದು. ಕೊನೆಗೆ ಊರಿನ ಯಾವ ಹಗ್ಗವೂ ಎಟುಕದಾಯಿತಂತೆ. ಆಮೇಲೆ? ಎಂದರೆ ಆಯಿ ಮಗ್ಗುಲಾಗಿ ಮಲಗುತ್ತಿದ್ದಳು. ಆಮೇಲೆ ಇರುತ್ತಿರಲಿಲ್ಲ.

“ಅಕ್ಕಾ?” ಎಂದ ಕುನಾಲ.

“ಕೂಡು ಅಂದೆನಲ್ಲ.” ದನಿ ಒರಟಾಯಿತು. ಅವಳು ಪ್ರಯೋಗಶಾಲೆಯ ಕಡೆ ನಡೆದಳು. ಅಲ್ಲೇ ಬಿಟ್ಟುಬಂದ ಹಸಿರು ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಅದನ್ನು ಮೋರಿಗೆ ಚೆಲ್ಲಬೇಕು, ಇಲ್ಲ, ಒಂದು ಕೊಳವೆಗೆ ಹಾಕಿ ಸೋಡಾ ಬೆರೆಸಿ ಕಾಸಿ ಕಾಗದ ಹಿಡಿದು ನೋಡಬೇಕು, ಇ‌ಲ್ಲ, ಕುಡಿದುಬಿಡಬೇಕು. ಕುಡಿದುಬಿಡುವುದೇ ಎಲ್ಲಕ್ಕಿಂತ ಸುಲಭ ಅನ್ನಿಸಿತು. ಒಳಗೆ ಹಜಿರಾ ಬೀ ಗಾಜಿನ ಸಾಮಾನು ತೊಳೆದು ಮುಗಿಸಿ, ಸೊಂಟಕ್ಕೆ ಕೈಕೊಟ್ಟು, ನಿಟ್ಟುಸಿರು ಬಿಡುತ್ತ ನಿಂತಿದ್ದಳು. ಹಸಿರು ಬಾಟಲಿ ಆಕೆಯ ಕೈಯಲ್ಲೇ ಇತ್ತು. ಮುಚ್ಚಳ ಆಗಲೇ ಬಿಚ್ಚಿತ್ತು.

“ನಿಮ್ಮದಲ್ರೀ ಬಾಯಿ? ಒಂದ್ ಗುಟುಕು ಕುಡೀತೀನ್ರಿ. ಗಂಟಲಾ ಒಣಗಿ ಕಟಗಿ ಆಗ್ಯದ.”

“ಬ್ಯಾಡ!” ಎಂದಳು ರತ್ನಮಾಲಾ.

ಅದು ಇಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಗಾಜುಗಳೆಲ್ಲ ಕೇಳಿಸಿಕೊಂಡ ಹಾಗಾಯಿತು. ಹಜಿರಾ ಬೀಯ ಕೈ ಅರ್ಧದಲ್ಲಿ ನಿಂತಿತು. ಆಕೆ ಬಾಟಲಿಯನ್ನೊಮ್ಮೆ ನೋಡಿದಳು, ರತ್ನಮಾಲಾಳನ್ನೊಮ್ಮೆ ನೋಡಿದಳು. ಆಮೇಲೆ ಮುಖದಲ್ಲಿ ಏನೋ ಒಂದು, ಬಹಳ ನಯವಾಗಿ, ಅಭ್ಯಾಸವಾದ ಬಾಗಿಲಿನ ಹಾಗೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಮುಚ್ಚಳ ತಿರುಗಿಸಿ ಹಾಕಿ, ಬಾಟಲಿಯನ್ನು ಮೇಜಿನ ಮೇಲಿಟ್ಟು, ತಾನು ಮುಟ್ಟಿದ ಜಾಗವನ್ನು ಸೆರಗಿನಿಂದ ಒರೆಸಿದಳು.

“ಹಾಂ ಹಾಂ, ಮಾಫ್ ಮಾಡ್ರಿ ಬಾಯಿ. ಖಬರ್ ಇರಲಿಲ್ಲ. ನಾ ನಳದ್ದು ಕುಡೀತೀನಿ.”

“ಹಂಗಲ್ರಿ ಹಜಿರಾ ಬೀ...”

“ಏನ್ ಇಲ್ರಿ, ಏನ್ ಇಲ್ಲ. ದಿಲ್‌ದಾಗ ಹಿಡ್ಕೋಬ್ಯಾಡ್ರಿ.”

ಆ ಮುಖ ರತ್ನಮಾಲಾಳಿಗೆ ಗೊತ್ತಿತ್ತು. ಅದನ್ನು ಅವಳು ಹೊರಗಿನಿಂದ ಎಂದೂ ನೋಡಿರಲಿಲ್ಲ, ಅಷ್ಟೇ. ಹಂಗಲ್ಲ ಅಂದರೆ ಇನ್ನು ಹೆಂಗೆ? ಹೇಳಲು ಇರುವ ಮಾತು ಒಂದೇ, ಮತ್ತು ಅದನ್ನು ಹೇಳಿದರೆ ಎಲ್ಲವನ್ನೂ ಹೇಳಿದಂತೆ. ಹಜಿರಾ ಬೀ ನಳದ ಕೆಳಗೆ ಬೊಗಸೆಯೊಡ್ಡಿ ಬಾಗಿದಳು. ನೀರು ಕುಡಿಯುವ ಸದ್ದು ಕೋಣೆಯ ತುಂಬ ಕೇಳುತ್ತಿತ್ತು. ಯಾವ ಪರೀಕ್ಷೆಯನ್ನೂ ಮಾಡಬೇಕಾಗಿರಲಿಲ್ಲ. ತನ್ನ ಬಾಯಿಯಿಂದ ‘ಬ್ಯಾಡ’ ಬಂದಾಗಲೇ ಕಾಗದ ಕಂದಾಗಿಹೋಗಿತ್ತು.

ಸಂಜೆಯ ಬಿಸಿಲು ಮೇಜಿನವರೆಗೆ ಬಂದಾಗ ಎಲ್ಲರನ್ನೂ ಕರೆದರು. ಕುನಾಲ ಗೋಡೆಗೆ ಬೆನ್ನು ಕೊಟ್ಟು ನಿಂತ. ಕಾಜಲ ಬಾಗಿಲ ಹತ್ತಿರ. ಹಜಿರಾ ಬೀ ಚಹಾದ ಕಪ್ಪುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಶಿವರಾಜ ಸರ್, “ಮಾಡಿದವ್ರು ಹೇಳ್ಬೇಕು,” ಎಂದರು, ಮಾಸ್ತರರ ಕಾಲದಿಂದ ಹೇಳುತ್ತ ಬಂದ ಹಾಗೆ.

ರತ್ನಮಾಲಾ ಎದ್ದಳು. “ಸತು,” ಎಂದಳು. “ಕ್ಯಾಲ್ಸಿಯಂ. ಮೆಗ್ನೀಷಿಯಂ. ಕ್ಲೋರೈಡ್.”

ಕುನಾಲನ ಮುಖ ಅರಳಿತು. ಅಜೀತ ಚಪ್ಪಾಳೆ ತಟ್ಟಲು ಎರಡೂ ಕೈ ಎತ್ತಿದ. ಇಲ್ಲಿಗೆ ಕುಳಿತುಬಿಟ್ಟರೆ ಅದು ಸುಳ್ಳೂ ಆಗುವುದಿಲ್ಲ.

“ಇವು ನಾ ಹಾಕಿದ್ರಿ,” ಎಂದಳು. “ಅಮೋನಿಯಂ ನೀರಿನಾಗ ಬಂದದ. ಡಿಸ್ಟಿಲ್ಡ್ ನೀರು ಸಾಲಲಿಲ್ಲ. ಗೆರಿ ಮುಟ್ಟಾತನಕ ನನ್ನ ಬಾಟಲಿ ನೀರ ಸುರದೆ.”

ಅಜೀತನ ಕೈಗಳು ಗಾಳಿಯಲ್ಲೇ ಉಳಿದವು. ಶಿವರಾಜ ಸರ್ ಕನ್ನಡಕ ತೆಗೆದು ಮಡಚಿ, ಮತ್ತೆ ಬಿಚ್ಚಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕೈಹಿಡಿದು ದಾಟಿಸುವ ಮೃದುತನವಿತ್ತು. “ಯಾವ ಬಾಟಲಿ ರತ್ನಮಾಲಾ? ಅಂಗಡಿಯಾಗ ತಗೊಂಡಿದ್ದೇನು? ಈ ಸೀಲ್ ಬಾಟಲಿ ನೀರು ಇತ್ತೀಚಿಗಿ ಭಾಳ ಖರಾಬ್ ಬರ್ತಾವ.”

ಹ್ಞೂಂ ಎಂದರೆ ಮುಗಿಯಿತು. ಅವರು ಹಲಗೆ ಹಾಕಿಕೊಟ್ಟಿದ್ದರು, ಅದರ ಮೇಲೆ ಕಾಲಿಟ್ಟರೆ ಸಾಕಿತ್ತು. ಹುಡುಗಿಯೂ ಉಳಿಯುತ್ತಿದ್ದಳು, ತಾನೂ ಉಳಿಯುತ್ತಿದ್ದಳು, ಹೆಸರಿಲ್ಲದ ಯಾವುದೋ ಅಂಗಡಿ ಮುಳುಗುತ್ತಿತ್ತು. ಹಜಿರಾ ಬೀ ಕಪ್ಪು ಜೋಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

“ಇಲ್ರಿ ಸರ್. ನಮ್ಮ ಮನೀದು. ನಮ್ಮ ಬೋರಿಂದು. ಬಾಜೂಕ ಪಾಯಖಾನಿ ಗುಂಡಿ ಅದ.”

ಅಜೀತ ತನ್ನ ಮುಂದಿನ ಖಾಲಿ ಕಪ್ಪನ್ನು ಒಂದು ಬೆರಳಿನಿಂದ ಆಚೆ ಸರಿಸಿದ. ಸರಿಸಿದ್ದು ಅವನಿಗೇ ಗೊತ್ತಾದಂತಿರಲಿಲ್ಲ. ಆಮೇಲೆ ಮೆಲ್ಲಗೆ, ಬೇರೆ ಏನನ್ನೋ ಕೇಳುವವನ ಹಾಗೆ ಕೇಳಿದ: “ಹಜಿರಾ ಬೀ, ಈ ಚಾ ಯಾವ ನೀರಿಂದು?”

“ನಳದ್ದು ಸಾಬ್,” ಎಂದಳು ಹಜಿರಾ ಬೀ. “ನಿಮ್ಮ ಕಾಲೇಜಿಂದೇ. ಅದರಾಗೇನ್ ಅದ ಅಂತ ಯಾರಿಗೆ ಮಾಲೂಮ್, ಯಾರೂ ಕಾಸಿ ನೋಡಿಲ್ಲ.”

ಶಿವರಾಜ ಸರ್ ಗಂಟಲು ಸರಿಮಾಡಿಕೊಂಡರು. “ಆತು, ಇದು ಈ ಖೋಲಿಯಾಗೇ ಇರ್ಲಿ. ಹುಡುಗ್ರ ಎದುರು ಇಂಥಾವು ಬ್ಯಾಡ. ನಾಳಿ ನಾನೇ ಹೊಸಾ ಬಾಟಲಿ ಮಾಡ್ತೀನಿ, ಇಬ್ರೂ ಮತ್ತ ಮಾಡ್ಲಿ.”

“ಸರ್ರ.” ಕಾಜಲ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. “ನಾಳಿ ಮತ್ತ ಮಾಡ್ತೀನ್ರಿ, ಅದಕ್ಕೇನಿಲ್ಲ. ಇವತ್ತ ನಾ ಹೇಳಿದ್ದು ಖರೇನೋ ಸುಳ್ಳೋ, ಅಷ್ಟು ಹೇಳ್ರಿ.”

ಶಿವರಾಜ ಸರ್ ರತ್ನಮಾಲಾಳ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆಯಿತ್ತು. ಇಷ್ಟು ವರ್ಷಗಳಲ್ಲಿ ಅವರು ಅವಳಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು.

“ಖರೇ,” ಎಂದಳು ರತ್ನಮಾಲಾ. “ಇದ್ದದ್ದು ಐದು. ಮಾಡಿದವ್ರ ಮಾತೇ ಕೊನಿ ಅಲ್ರೀ ಸರ್?”

ಶಿವರಾಜ ಸರ್ ಕನ್ನಡಕ ಹಾಕಿಕೊಂಡರು. “ಕೊನಿ,” ಎಂದರು ಅವರು, “ಪದಕ ಈಕಿದೇ.” ಕಾಜಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕುರ್ಚಿ ಸರಿಸುತ್ತ ಎದ್ದಾಗ ಅವರು ಯಾರಿಗೂ ಅಲ್ಲವೆಂಬಂತೆ, “ಮುಂದಿನ ವರ್ಷದಿಂದ ಬಾಟಲಿ ಇಬ್ರು ಕೂಡಿ ಮಾಡೂದು ಛಲೋ,” ಎಂದರು. ಅಷ್ಟು ವರ್ಷ ಒಬ್ಬರ ಮೇಲೆ ಇಟ್ಟ ನಂಬಿಕೆ ಅವಳ ಪಾಳಿಯಲ್ಲಿ ಮುಗಿಯಿತು. ಹಜಿರಾ ಬೀ ತಟ್ಟೆ ಎತ್ತಿಕೊಂಡು ಹೋಗುವಾಗ ರತ್ನಮಾಲಾಳ ಮೊಣಕೈಗೆ ಮೊಣಕೈ ತಾಗಿಸಿ, “ಮೊದಲೇ ಅನ್ನಬಾರದೇನ್ರಿ ಬಾಯಿ,” ಎಂದು ಗೊಣಗಿದಳು.

ಕುನಾಲ ಗೇಟಿನ ಹತ್ತಿರ ಸಿಕ್ಕ. ಸಿಕ್ಕದ್ದಲ್ಲ, ಅವಳೇ ಓಡಿ ಹಿಡಿದಳು. ಅವನು ನೆಲ ನೋಡುತ್ತಿದ್ದ.

“ನನ್ನ ಕಾಗದಾನೂ ಕಂದಾಗಿತ್ತಕ್ಕಾ.”

“ಮತ್ಯಾಕ ಹೇಳಲಿಲ್ಲೋ?”

“ನಾಲ್ಕೇ ಇರ್ತಾವ, ಅದರ ಮ್ಯಾಲ ಆಸಿ ಮಾಡಬ್ಯಾಡ ಅಂತ ನೀನೇ ಹೇಳಿದ್ದಿಯಲ್ಲ,” ಎಂದ. ಅವಳು ಕೈ ನೀಡುವಷ್ಟರಲ್ಲಿ ರಸ್ತೆ ದಾಟಿ, ಹಿಂದಿರುಗಿ ನೋಡದೆ, ಕೋಟೆಯ ಕಡೆಗೆ ಹೋಗುವ ಜನರಲ್ಲಿ ಸೇರಿಹೋದ.

ಬಸ್‌ಸ್ಟ್ಯಾಂಡಿನಲ್ಲಿ ಹುಮನಾಬಾದಿನ ಬಸ್ಸು ಎಂಜಿನು ಚಾಲೂ ಇಟ್ಟುಕೊಂಡು ನಿಂತಿತ್ತು. ಅವಳು ಹತ್ತಲಿಲ್ಲ. ಹತ್ತಿ ಕೂತರೆ ಮಾತಾಡಲು ಆಗುವುದಿಲ್ಲವೆಂದು ಗೊತ್ತಿತ್ತು. ಅಲ್ಲಿ, ಕಡಲೆ ಮಾರುವವರ ಗದ್ದಲದ ನಡುವೆ, ಒಂದು ಕಿವಿಗೆ ಬೆರಳಿಟ್ಟುಕೊಂಡು ಫೋನು ಮಾಡಿದಳು.

“ಅತ್ತೀ, ಧನಶ್ರೀ ಬಂದ್ಳೇನ್ರಿ?”

“ಈಗ ಆಡಿ ಬಂದಾಳ, ಮೈತುಂಬ ಧೂಳು. ಪದಕ ಯಾರಿಗ ಬಂತ? ನಮ್ಮ ಕುನ್ಯಾಗೇ ಅಲ್ಲಾ? ಓಣಿಯಾಗ ಹೇಳ್ಲೇನು?”

“ಆಕಿಗಿ ನೀರ ಕೊಡಬ್ಯಾಡ್ರಿ.”

“ಏನಂದಿ? ಗಲಾಟಿ ಭಾಳ ಅದ.”

“ನಮ್ಮ ಬೋರಿನ ನೀರ ಆಕಿಗಿ ಕೊಡಬ್ಯಾಡ್ರಿ. ನೀವೂ ಕುಡೀಬ್ಯಾಡ್ರಿ. ಓಣಿಯವ್ರಿಗೂ... ಛಲೋ ಇಲ್ರಿ ಅದು.”

ಆ ಕಡೆ ಯಾವುದೋ ಪಾತ್ರೆ ನೆಲಕ್ಕೆ ತಾಗಿದ ಸದ್ದು. ಬಿದ್ದದ್ದಲ್ಲ, ಇಟ್ಟದ್ದು.

“ಯಾರಂದ್ರು?” ಎಂದಳು ಸುಮನಬಾಯಿ. ಆ ದನಿಯನ್ನು ರತ್ನಮಾಲಾ ಈ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅದು ಘಾಟಬೋರಾಳದ ಬಿಸಿಲಿನಿಂದ ಬರುತ್ತಿತ್ತು. “ಯಾವನಂದ ನಮ್ಮ ನೀರು ಹೊಲಸು ಅಂತ?”

“ಯಾರೂ ಅಂದಿಲ್ರಿ ಅತ್ತಿ. ನಾನೇ ಅನ್ನಾಕತ್ತೇನಿ.”

ಬಸ್ಸಿನ ಕಂಡಕ್ಟರ್ “ಬಂಗ್ಲಾ, ಹುಮನಾಬಾದ್, ಹುಮನಾಬಾದ್” ಎಂದು ಬಾಗಿಲು ಬಡಿಯುತ್ತಿದ್ದ. ಫೋನಿನೊಳಗೆ ದೂರದಿಂದ ಮಗಳು, “ಆಯೀ, ನೀರು,” ಎಂದಳು.

“ತಡಿ ಬಾಳಾ,” ಎಂದಳು ಸುಮನಬಾಯಿ. ಆಮೇಲೆ ಫೋನನ್ನು ಬಾಯಿಗೆ ಬಹಳ ಹತ್ತಿರ ತಂದುಕೊಂಡಿರಬೇಕು, ಮಾತು ಪಿಸುಗುಟ್ಟಿದಂತೆ ಬಂತು. “ಹಂಗಾದ್ರ ನೀನೇ ಹೇಳು ರತ್ನಾ. ಈಗ ಕೊಡ ತಗೊಂಡು ನಾ ಯಾರ ಬಾಗಲಾಗ ಹೋಗಿ ನಿಂದ್ರಲಿ?”

ರತ್ನಮಾಲಾ ಓಣಿಯ ಬಾಗಿಲುಗಳನ್ನು ಒಂದೊಂದಾಗಿ ನೆನೆದಳು. ಆಚೆಯ ಬೀದಿಯ ಬಾಗಿಲುಗಳನ್ನು, ಅದರಾಚೆಯ ಬಾವಿಯಿದ್ದ ಮನೆಗಳನ್ನು, ಅವುಗಳ ಹೊಸ್ತಿಲುಗಳನ್ನು, ಹೊಸ್ತಿಲ ಮೇಲೆ ನಿಂತು ‘ಯಾಕವ್ವಾ, ನಿಮ್ಮ ಬೋರಿಗೇನಾತು’ ಎಂದು ಕೇಳಬಹುದಾದವರನ್ನು. ಬಸ್ಸು ಹೊರಟಿತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು, ಆ ಕಡೆ ಅತ್ತೆಯೂ ಇಡಲಿಲ್ಲ. ಅವರಿಬ್ಬರ ನಡುವೆ ಮಗು ಮತ್ತೊಮ್ಮೆ ನೀರು ಕೇಳಿತು.